ಸೂಜಿಗಿಂತ ಸಹಿ ಸುಲಭವಾದರೆ

2025ರ ಸೆಪ್ಟೆಂಬರ್ 3ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಸರ್ಜನ್ ಜನರಲ್ ಜೋಸೆಫ್ ಲಡಾಪೊ ಒಂದು ಘೋಷಣೆ ಮಾಡಿದರು. ರಾಜ್ಯದಲ್ಲಿ ಲಸಿಕೆಯ ಕಡ್ಡಾಯಗಳನ್ನು ಒಂದನ್ನೂ ಉಳಿಸದೆ ತೆಗೆದುಹಾಕುತ್ತೇವೆ ಎಂದರು. ಗವರ್ನರ್ ರಾನ್ ಡಿಸ್ಯಾಂಟಿಸ್ ಜೊತೆಗಿದ್ದರು. ಆ ವಾರ ನಮ್ಮ ಶಾಲೆಯ ಕಚೇರಿಗೆ ಮಗಳನ್ನು ಸೇರಿಸಲು ಬಂದಿದ್ದ ಹುಬ್ಬಳ್ಳಿ ಕಡೆಯ ತಾಯಿಯೊಬ್ಬರು, ‘ಹಂಗಾದ್ರ ಇನ್ನ ಈ ಕಾರ್ಡ್ ಎಲ್ಲಾ ಬ್ಯಾಡೇನ್ರಿ?’ ಎಂದು ಕೇಳಿದರು.

ಬೇಕು ಎಂದೆ. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪಕ್ಕದ ಊರಿನಲ್ಲಿ. ಶಾಲೆಗೆ ಯಾವ ಲಸಿಕೆ ಬೇಕು, ಯಾರಿಗೆ ವಿನಾಯಿತಿ ಎನ್ನುವುದನ್ನು ಇಲ್ಲಿ ವಾಷಿಂಗ್ಟನ್ ತೀರ್ಮಾನಿಸುವುದಿಲ್ಲ. 50 ರಾಜ್ಯಗಳೂ ತಂತಮ್ಮ ಕಾನೂನು ಮಾಡಿಕೊಂಡಿವೆ. ಫ್ಲಾರಿಡಾದಲ್ಲಿಯೂ ಘೋಷಣೆ ಮಾಡಿದಷ್ಟು ಸುಲಭವಾಗಿ ಕೆಲಸ ಮುಗಿಯುವಂತಿರಲಿಲ್ಲ. ಹೆಪಟೈಟಿಸ್ ಬಿ, ಚಿಕನ್‌ಪಾಕ್ಸ್‌ನಂಥ ನಾಲ್ಕು ಲಸಿಕೆಗಳ ನಿಯಮವನ್ನು ಆರೋಗ್ಯ ಇಲಾಖೆ ತಾನೇ ಬದಲಿಸಬಹುದು. ದಡಾರ, ಪೋಲಿಯೊ, ಗಂಟಲಮಾರಿ, ಧನುರ್ವಾಯುಗಳ ಲಸಿಕೆ ಶಾಸನದಲ್ಲೇ ಬರೆದಿದೆ. ಅದನ್ನು ಅಳಿಸಲು ಶಾಸನಸಭೆಯೇ ಮನಸ್ಸು ಮಾಡಬೇಕು.

ಹೊಸ ಮಕ್ಕಳ ದಾಖಲಾತಿ ನೋಡಿಕೊಳ್ಳುವುದು ನನ್ನ ಕೆಲಸ. ಜನನ ಪತ್ರ, ಮನೆ ವಿಳಾಸದ ಪುರಾವೆ, ಲಸಿಕೆ ಕಾರ್ಡ್ ಮೂರೂ ನನ್ನ ಮೇಜಿನ ಮೇಲೆ ಹಾದುಹೋಗಬೇಕು. ವಿನಾಯಿತಿಯ ಬಗ್ಗೆ ಟೀವಿಯಲ್ಲಿ ನಡೆಯುವ ವಾದವೆಲ್ಲ ಸ್ವಾತಂತ್ರ್ಯ, ಧರ್ಮ, ಸರ್ಕಾರದ ದಬ್ಬಾಳಿಕೆ ಎಂಬ ದೊಡ್ಡ ಮಾತುಗಳಲ್ಲಿರುತ್ತದೆ. ಮೇಜಿನ ಈಚೆ ಕೂತವಳಿಗೆ ಕಾಣುವುದು ಬೇರೆ. ವಿನಾಯಿತಿ ಎಷ್ಟು ಸುಲಭ ಎನ್ನುವುದರ ಮೇಲೆ ಎಷ್ಟು ಮಕ್ಕಳು ಲಸಿಕೆಯಿಲ್ಲದೆ ತರಗತಿಗೆ ಬರುತ್ತಾರೆ ಎನ್ನುವುದು ನಿಂತಿದೆ. ಚುಚ್ಚುಮದ್ದು ಹಾಕಿಸುವುದಕ್ಕಿಂತ ಬೇಡವೆಂದು ಸಹಿ ಹಾಕುವುದು ಸುಲಭವಾದರೆ, ಲಸಿಕೆಯ ಮೇಲೆ ಯಾವ ಕೋಪವೂ ಇಲ್ಲದವರು ಕೂಡ ಸಹಿ ಹಾಕುತ್ತಾರೆ. ಹೊಸ ಮಸೂದೆಗಳನ್ನೆಲ್ಲ ನಾನು ಈ ಒಂದು ದೃಷ್ಟಿಯಿಂದ ಓದುತ್ತೇನೆ.

ತಾಯಿ ಕಾರ್ಡಿನ ಲೆಕ್ಕ

ಊರಿನಿಂದ ನೇರ ಬಂದಿಳಿದ ಒಂದು ಕುಟುಂಬದ ಉದಾಹರಣೆ ಹೇಳುತ್ತೇನೆ. ಮಗು ಹುಟ್ಟಿದ್ದು 2020ರ ಮಾರ್ಚ್ 2. ತಂದೆ ಪ್ಲಾಸ್ಟಿಕ್ ಕವರಿನಿಂದ ಮಡಚಿದ ತಾಯಿ ಕಾರ್ಡ್ ತೆಗೆದು ಬಿಡಿಸಿಟ್ಟರು. ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸಿನ ಮುಂದೆ ನೀಲಿ ಪೆನ್ನಿನಲ್ಲಿ 5-12-2020 ಎಂದಿತ್ತು, ಎರಡನೆಯದರ ಮುಂದೆ 10-8-2021. ನಮ್ಮ ಕಚೇರಿಯ ಸಹೋದ್ಯೋಗಿ ಅದನ್ನು ಮೇ 12, ಅಕ್ಟೋಬರ್ 8 ಎಂದು ಓದಿ, ಎರಡು ತಿಂಗಳ ಕೂಸಿಗೆ ದಡಾರದ ಲಸಿಕೆ ಕೊಟ್ಟಿದ್ದಾರೆಯೇ ಎಂದು ಗಾಬರಿಯಾದರು. ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಇಲ್ಲಿ ತಿಂಗಳು ಮೊದಲು. ನಾನು ಡಿಸೆಂಬರ್ 5, ಆಗಸ್ಟ್ 10 ಎಂದು ತಿದ್ದಿ ಬರೆದುಕೊಟ್ಟೆ.

ಆದರೂ ಲೆಕ್ಕ ಕೂಡಲಿಲ್ಲ. ಕ್ಯಾಲಿಫೋರ್ನಿಯಾದ ನಿಯಮದಲ್ಲಿ ದಡಾರದ ಎರಡೂ ಡೋಸ್ ಮೊದಲ ಹುಟ್ಟುಹಬ್ಬದ ದಿನ ಅಥವಾ ಆಮೇಲೆ ಕೊಟ್ಟಿರಬೇಕು. ಭಾರತದಲ್ಲಿ ಸಣ್ಣ ವಯಸ್ಸಿಗೇ ದಡಾರ ತಗಲುವ ಭಯ ಹೆಚ್ಚು, ಹಾಗಾಗಿ ಒಂಬತ್ತು ತಿಂಗಳಿಗೇ ಶುರು ಮಾಡುತ್ತಾರೆ. ಆ ವಯಸ್ಸಿನಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಇನ್ನೂ ಉಳಿದಿರಬಹುದು, ಲಸಿಕೆ ಪೂರ್ತಿ ನಾಟದೇ ಇರಬಹುದು ಎಂದು ಇಲ್ಲಿಯವರು ಆ ಡೋಸನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಎರಡೂ ದೇಶಗಳದ್ದು ತಂತಮ್ಮ ಪರಿಸ್ಥಿತಿಗೆ ಸರಿಯಾದ ಲೆಕ್ಕವೇ. ಜೊತೆಗೆ ನಮ್ಮ ಸರ್ಕಾರಿ ಲಸಿಕೆಯಲ್ಲಿ ಮಂಗನಬಾವಿನ ಅಂಶವಿಲ್ಲ, ಚಿಕನ್‌ಪಾಕ್ಸ್ ಲಸಿಕೆ ಸರ್ಕಾರಿ ಪಟ್ಟಿಯಲ್ಲೇ ಇಲ್ಲ. ಇಲ್ಲಿ ಅವೆಲ್ಲ ಬೇಕು.

ತಂದೆಗೆ ಬೇಸರವಾಯಿತು. ‘ಊರಲ್ಲಿ ಒಂದೂ ತಪ್ಪಿಸದೆ ಹಾಕಿಸಿದೀವಲ್ಲ’ ಎಂದರು. ವಿಮೆ ಇನ್ನೂ ಶುರುವಾಗಿಲ್ಲ, ಮಕ್ಕಳ ಡಾಕ್ಟರು ಮೂರು ವಾರದ ಆಚೆಗೆ ಸಮಯ ಕೊಟ್ಟಿದ್ದಾರೆ, ಹೆಂಡತಿಗೆ ಗಾಡಿ ಓಡಿಸಲು ಬರುವುದಿಲ್ಲ. ಕೊನೆಗೆ, ‘ಏನಾದ್ರೂ ವಿನಾಯಿತಿ ಫಾರಂ ಇದ್ರೆ ಕೊಡಿ ಮೇಡಂ, ಸೈನ್ ಹಾಕ್ಬಿಡ್ತೀನಿ’ ಎಂದರು.

ಲಸಿಕೆಯ ಬಗ್ಗೆ ಆ ಮನುಷ್ಯನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಸುಸ್ತಾಗಿದ್ದರು, ಅಷ್ಟೆ. ಕೊಡಲು ಫಾರಂ ಇಲ್ಲದ್ದರಿಂದ ನಾನು ಕೌಂಟಿಯ ಲಸಿಕೆ ಕೇಂದ್ರದ ವಿಳಾಸ ಬರೆದುಕೊಟ್ಟೆ, ಅಲ್ಲಿಗೆ ಫೋನನ್ನೂ ಮಾಡಿದೆ. ಎರಡು ತೋಳಿಗೂ ಚುಚ್ಚಿಸಿಕೊಂಡು ಬಂದ ಹುಡುಗ ಮುಂದಿನ ವಾರ ತರಗತಿಯಲ್ಲಿದ್ದ. ಉಳಿದ ಡೋಸುಗಳ ದಿನ ಬಂದಾಗ ಹಾಕಿಸಬೇಕೆಂಬ ಷರತ್ತಿನ ಮೇಲೆ ಪ್ರವೇಶ ಕೊಡಲು ಕಾನೂನಿನಲ್ಲೇ ದಾರಿಯಿದೆ. ನನ್ನ ಡ್ರಾಯರಿನಲ್ಲಿ ಫಾರಂ ಇದ್ದಿದ್ದರೆ ಆ ಹುಡುಗ ಪುಸ್ತಕದಲ್ಲಿ ‘ವೈಯಕ್ತಿಕ ನಂಬಿಕೆಯ ಕಾರಣ ಲಸಿಕೆ ಬೇಡವೆಂದವನು’ ಆಗಿಬಿಡುತ್ತಿದ್ದ.

ಕಾರ್ಡಿನ ಬೆನ್ನಿನ ಮೇಲಿನ ಸಹಿ

ಒಂದು ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿಯೂ ಅಂಥ ಸಹಿ ಇತ್ತು. ಶಾಲೆಯ ಲಸಿಕಾ ದಾಖಲೆ ನೀಲಿ ಕಾರ್ಡು. ಅದರ ಬೆನ್ನಿನ ಮೇಲೆ, ಲಸಿಕೆ ನನ್ನ ನಂಬಿಕೆಗೆ ವಿರುದ್ಧ ಎಂದು ಒಂದು ಸಾಲು ಅಚ್ಚು ಹಾಕಿರುತ್ತಿತ್ತು. ಅದರ ಕೆಳಗೆ ಪೋಷಕರು ಸಹಿ ಹಾಕಿದರೆ ಮುಗಿಯಿತು. 2014ರಿಂದ ಅದಕ್ಕೆ ಸಣ್ಣದೊಂದು ಅಡ್ಡಿ ಬಂತು: ಸಹಿ ಹಾಕುವ ಮೊದಲು ವೈದ್ಯರು ಅಥವಾ ನರ್ಸ್ ಜೊತೆ ಕೂತು ಲಾಭನಷ್ಟ ಮಾತನಾಡಿರಬೇಕು. ಮತ್ತೇನನ್ನೂ ನಿಷೇಧಿಸಲಿಲ್ಲ. ಆದರೂ ಅದರ ಮುಂದಿನ ಶಾಲಾ ವರ್ಷದಲ್ಲಿ ಕಿಂಡರ್‌ಗಾರ್ಟನ್ ಮಕ್ಕಳ ನಂಬಿಕೆಯ ವಿನಾಯಿತಿ ನೂರಕ್ಕೆ ಮೂರನ್ನು ದಾಟಿದ್ದದ್ದು ಎರಡೂವರೆಗೆ ಇಳಿಯಿತು. ಇಳಿದಷ್ಟು ಮನೆಗಳು ನಂಬಿಕೆಯಿಂದಲ್ಲ, ಅನುಕೂಲಕ್ಕೆಂದು ಸಹಿ ಹಾಕುತ್ತಿದ್ದವು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

2014ರ ಡಿಸೆಂಬರಿನಲ್ಲಿ ಡಿಸ್ನಿಲ್ಯಾಂಡಿನಲ್ಲಿ ಹೊತ್ತಿಕೊಂಡ ದಡಾರ ಹಲವು ರಾಜ್ಯಗಳಿಗೆ ಹಬ್ಬಿ 147 ಮಂದಿಗೆ ತಗಲಿತು. ಮಕ್ಕಳ ವೈದ್ಯರೂ ಆಗಿದ್ದ ಸೆನೆಟರ್ ರಿಚರ್ಡ್ ಪ್ಯಾನ್ ಮತ್ತು ಸೆನೆಟರ್ ಬೆನ್ ಆಲನ್ ಮಂಡಿಸಿದ ಮಸೂದೆಗೆ 2015ರ ಜೂನ್ 30ರಂದು ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. ನಂಬಿಕೆಯ ವಿನಾಯಿತಿ ಹೋಯಿತು. ವೈದ್ಯಕೀಯ ವಿನಾಯಿತಿ ಮಾತ್ರ ಉಳಿಯಿತು. ಆಗ ಕೆಲವು ಡಾಕ್ಟರುಗಳು ದುಡ್ಡು ತೆಗೆದುಕೊಂಡು ಧಾರಾಳವಾಗಿ ಚೀಟಿ ಬರೆಯತೊಡಗಿದರು, ವೈದ್ಯಕೀಯ ವಿನಾಯಿತಿಯ ಪ್ರಮಾಣವೇ ಏರಿತು. ಅದಕ್ಕೂ 2019ರಲ್ಲಿ ಇನ್ನೊಂದು ಕಾನೂನು ಬಂದು, ವರ್ಷಕ್ಕೆ ಐದು ಅಥವಾ ಅದಕ್ಕಿಂತ ಹೆಚ್ಚು ವಿನಾಯಿತಿ ಬರೆಯುವ ವೈದ್ಯರ ಚೀಟಿಗಳನ್ನು ರಾಜ್ಯವೇ ಪರಿಶೀಲಿಸತೊಡಗಿತು.

ಅದೇ 2019ರಲ್ಲಿ ನ್ಯೂಯಾರ್ಕ್ ಧಾರ್ಮಿಕ ವಿನಾಯಿತಿಯನ್ನು ತೆಗೆಯಿತು. ಮೇನ್ ಕೂಡ ತೆಗೆದು, 2020ರ ಮಾರ್ಚ್‌ನ ಜನಮತದಲ್ಲಿ ಗೆದ್ದಿತು. 2021ರಲ್ಲಿ ಕನೆಕ್ಟಿಕಟ್ ಸೇರಿತು.

ಕೋವಿಡ್ ಆದ ಮೇಲೆ ಗಾಳಿ ತಿರುಗಿದೆ. ದಶಕಗಳ ಕಾಲ ವೈದ್ಯಕೀಯ ಕಾರಣ ಬಿಟ್ಟು ಬೇರೆ ವಿನಾಯಿತಿಯನ್ನೇ ಕೊಡದಿದ್ದ ಮಿಸಿಸಿಪ್ಪಿಯಲ್ಲಿ 2023ರಲ್ಲಿ ಫೆಡರಲ್ ನ್ಯಾಯಾಧೀಶರ ಆದೇಶದಿಂದ ಧಾರ್ಮಿಕ ವಿನಾಯಿತಿ ಬಂತು. ವೆಸ್ಟ್ ವರ್ಜೀನಿಯಾದಲ್ಲಿ ಗವರ್ನರ್ ಪ್ಯಾಟ್ರಿಕ್ ಮಾರಿಸಿ 2025ರ ಜನವರಿಯಲ್ಲಿ ಆದೇಶದ ಮೂಲಕ ಅದನ್ನು ತಂದರು; ಎರಡೇ ತಿಂಗಳಲ್ಲಿ ಅಲ್ಲಿನ ಕೆಳಮನೆ ಅದೇ ಅಂಶದ ಮಸೂದೆಯನ್ನು ತಿರಸ್ಕರಿಸಿತು, ಜಗಳ ಕೋರ್ಟಿನ ಮೆಟ್ಟಿಲೇರಿತು. ದೇಶದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಲ್ಲಿ 2024–25ರ ಶಾಲಾ ವರ್ಷದಲ್ಲಿ ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ಶೇ. 3.6ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಲಸಿಕೆಯಿಂದ ವಿನಾಯಿತಿ ಇತ್ತು. ದಡಾರದ ಲಸಿಕೆ ಪೂರ್ತಿಯಾದವರು ಶೇ. 92.5. ಐದು ವರ್ಷ ಹಿಂದೆ ಅದು 95ರ ಮೇಲಿತ್ತು.

95ರ ಗೆರೆ ಯಾಕೆ

ದಡಾರ ಬಂದವನೊಬ್ಬ ಕೋಣೆಯಿಂದ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ವೈರಸ್ ಗಾಳಿಯಲ್ಲಿ ಉಳಿಯಬಲ್ಲದು. ರಕ್ಷಣೆಯೇ ಇಲ್ಲದ ಸಮುದಾಯದಲ್ಲಿ ಒಬ್ಬನಿಂದ 12ರಿಂದ 18 ಜನಕ್ಕೆ ಹರಡುತ್ತದೆ. ನೂರಕ್ಕೆ ಸುಮಾರು 95 ಮಂದಿಗೆ ರಕ್ಷಣೆ ಇದ್ದರೆ ಮಾತ್ರ ಅದಕ್ಕೆ ಮುಂದೆ ಹೋಗಲು ದಾರಿ ಸಿಗುವುದಿಲ್ಲ. ಉಳಿದ ಐದು ಜಾಗ ಯಾರದ್ದು? ರಕ್ತದ ಕ್ಯಾನ್ಸರಿಗೆ ಕೀಮೊಥೆರಪಿ ತೆಗೆದುಕೊಳ್ಳುತ್ತಿರುವ ಮಗುವಿಗೆ ಜೀವಂತ ವೈರಸ್ ಇರುವ ದಡಾರದ ಲಸಿಕೆ ಕೊಡುವಂತಿಲ್ಲ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಮಗುವಿಗೂ, ಹಿಂದಿನ ಡೋಸಿಗೆ ತೀವ್ರ ಅಲರ್ಜಿ ಆದ ಮಗುವಿಗೂ ಕೊಡುವಂತಿಲ್ಲ. ಎರಡು ಡೋಸ್ ಹಾಕಿಸಿಕೊಂಡರೂ ನೂರಕ್ಕೆ ಮೂರು ಮಂದಿಗೆ ನಾಟದೇ ಹೋಗುತ್ತದೆ. ಆ ಸಣ್ಣ ಜಾಗದಲ್ಲಿ ಇವರೆಲ್ಲ ಇರಬೇಕು.

ನಮ್ಮ ಶಾಲೆಯಲ್ಲಿ ಅಂಥ ಒಬ್ಬ ಹುಡುಗಿ ಇದ್ದಳು. ಕೀಮೊ ಮುಗಿದು, ತಲೆಗೆ ಹತ್ತಿಯ ಟೋಪಿ ಹಾಕಿಕೊಂಡು ಒಂದನೇ ತರಗತಿಗೆ ಬಂದಳು. ಅವಳ ತಾಯಿ ನನ್ನನ್ನು ಕೇಳಿದ್ದು ಒಂದೇ: ‘ಇವಳ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಲಸಿಕೆ ಆಗಿದೆ?’ ಬೇರೆ ಮಕ್ಕಳ ವಿವರ ಹೇಳಲು ನನಗೆ ಅಧಿಕಾರವಿಲ್ಲ. ಇಡೀ ಶಾಲೆಯ ಒಟ್ಟು ಸಂಖ್ಯೆ ಸಾರ್ವಜನಿಕ ಮಾಹಿತಿ, ಅದನ್ನು ತೋರಿಸಿದೆ. ಅದು 95ಕ್ಕಿಂತ ಮೇಲಿತ್ತು. ಆಕೆ ಅದನ್ನು ಎರಡು ಸಲ ಓದಿಕೊಂಡು ಮಗಳನ್ನು ತರಗತಿಗೆ ಕಳಿಸಿದರು. ವಿನಾಯಿತಿ ಎನ್ನುವುದು ಮೊದಲು ಇರಬೇಕಾದದ್ದು ಇಂಥ ಮಗುವಿಗೆ. ಬೇರೆಯವರು ಸಹಿ ಹಾಕಿದಷ್ಟೂ ಅವಳ ಪಾಲಿನ ಆಸರೆ ತೆಳುವಾಗುತ್ತದೆ.

ಟೆಕ್ಸಸ್‌ನ ಗೇನ್ಸ್ ಕೌಂಟಿಯಲ್ಲಿ ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ವಿನಾಯಿತಿ ಪಡೆದವರು ನೂರಕ್ಕೆ ಹದಿನೆಂಟರ ಹತ್ತಿರ ಇದ್ದರು. 2025ರ ಜನವರಿಯಲ್ಲಿ ಅಲ್ಲಿ ದಡಾರ ಶುರುವಾಯಿತು. ಆಗಸ್ಟ್‌ನಲ್ಲಿ ಮುಗಿಯಿತೆಂದು ಘೋಷಿಸುವ ಹೊತ್ತಿಗೆ ರಾಜ್ಯದಲ್ಲಿ 762 ಪ್ರಕರಣಗಳಾಗಿದ್ದವು. ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು ತೀರಿಕೊಂಡರು. ಇಬ್ಬರಿಗೂ ಲಸಿಕೆ ಆಗಿರಲಿಲ್ಲ. 2000ದಲ್ಲಿ ದಡಾರವನ್ನು ತೊಲಗಿಸಿದ್ದೇವೆ ಎಂದು ಘೋಷಿಸಿಕೊಂಡ ದೇಶದಲ್ಲಿ ಇದು ನಡೆಯಿತು. ಅದೇ ವರ್ಷ ಟೆಕ್ಸಸ್ ಶಾಸನಸಭೆ ಒಂದು ಮಸೂದೆ ಪಾಸು ಮಾಡಿತು. ಮೊದಲು ವಿನಾಯಿತಿ ಬೇಕಾದವರು ಆರೋಗ್ಯ ಇಲಾಖೆಗೆ ಬರೆದು ಫಾರಂ ತರಿಸಿಕೊಳ್ಳಬೇಕಿತ್ತು. ಸೆಪ್ಟೆಂಬರ್ 1ರಿಂದ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಬಹುದು. ಮಕ್ಕಳು ಸತ್ತ ವರ್ಷದಲ್ಲೇ ಫಾರಂ ಹತ್ತಿರಕ್ಕೆ ಬಂತು ಎನ್ನುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಐದು ಡಾಲರ್ ದಂಡ

ಈ ಜಗಳ ಹೊಸದಲ್ಲ. 1902ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಊರಿನಲ್ಲಿ ಸಿಡುಬು ಎದ್ದಾಗ ಎಲ್ಲರೂ ಲಸಿಕೆ ಹಾಕಿಸಿಕೊಳ್ಳಬೇಕೆಂದು ಆದೇಶವಾಯಿತು. ಸ್ವೀಡನ್ನಿನಿಂದ ಬಂದಿದ್ದ ಪಾದ್ರಿ ಹೆನ್ನಿಂಗ್ ಜೇಕಬ್ಸನ್, ಚಿಕ್ಕಂದಿನಲ್ಲಿ ಲಸಿಕೆಯಿಂದ ನರಳಿದ್ದೆ ಎಂದು ಹೇಳಿ ಒಪ್ಪಲಿಲ್ಲ. ಐದು ಡಾಲರ್ ದಂಡ ಬಿತ್ತು. ಅವರು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋದರು. 1905ರಲ್ಲಿ ಏಳು–ಎರಡರ ಬಹುಮತದಿಂದ ಕೋರ್ಟು, ಎಲ್ಲರ ಸುರಕ್ಷೆಗಾಗಿ ರಾಜ್ಯ ಲಸಿಕೆಯನ್ನು ಕಡ್ಡಾಯ ಮಾಡಬಹುದು ಎಂದಿತು. ಆದರೆ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್ ಬರೆದ ಆ ತೀರ್ಪಿನಲ್ಲೇ, ದೇಹಕ್ಕೆ ಲಸಿಕೆ ಒಗ್ಗದವರ ಮೇಲೆ ಅದನ್ನು ಹೇರುವುದು ಕ್ರೌರ್ಯವಾಗುತ್ತದೆ ಎಂಬ ಎಚ್ಚರಿಕೆಯೂ ಇದೆ. 1922ರಲ್ಲಿ ಟೆಕ್ಸಸ್‌ನ ಸ್ಯಾನ್ ಆ್ಯಂಟೋನಿಯೊದ ಒಂದು ಮೊಕದ್ದಮೆಯಲ್ಲಿ, ಲಸಿಕೆ ಇಲ್ಲದ ವಿದ್ಯಾರ್ಥಿಯನ್ನು ಶಾಲೆಯಿಂದ ಹೊರಗಿಡಬಹುದು ಎಂದು ಅದೇ ಕೋರ್ಟು ಒಮ್ಮತದಿಂದ ಹೇಳಿತು.

ಮನಸ್ಸಾಕ್ಷಿಯ ವಿನಾಯಿತಿಗೆ ಮೊದಲು ದಾರಿ ಮಾಡಿದ್ದು ಇಂಗ್ಲೆಂಡು. 1853ರಿಂದ ಸಿಡುಬಿನ ಲಸಿಕೆ ಅಲ್ಲಿ ಕಡ್ಡಾಯ. 1885ರಲ್ಲಿ ಲೆಸ್ಟರ್ ನಗರದಲ್ಲಿ ಅದರ ವಿರುದ್ಧ ಭಾರಿ ಮೆರವಣಿಗೆ ನಡೆಯಿತು. 1898ರ ಕಾಯಿದೆ, ತಂದೆಯಾದವನು ಮ್ಯಾಜಿಸ್ಟ್ರೇಟರ ಮುಂದೆ ನಿಂತು ತನ್ನ ಆಕ್ಷೇಪ ಪ್ರಾಮಾಣಿಕವಾದದ್ದೆಂದು ಮನವರಿಕೆ ಮಾಡಿಕೊಟ್ಟರೆ ವಿನಾಯಿತಿ ಕೊಟ್ಟಿತು. 1907ರಲ್ಲಿ ಬರೀ ಒಂದು ಘೋಷಣಾ ಪತ್ರ ಸಾಕೆಂದಾಯಿತು. ಕೂಡಲೇ ವಿನಾಯಿತಿಗಳು ಬೇಕಾದಷ್ಟು ಏರಿದವು. ಎರಡು ದೇಶ, ನೂರು ವರ್ಷದ ಅಂತರ, ಅದೇ ಪಾಠ.

ಕೆಲಸದ ಜಾಗ

ಕೆಲಸದ ಕಡ್ಡಾಯವನ್ನು ಶಾಲೆಯ ಕಡ್ಡಾಯದ ಜೊತೆ ಒಂದೇ ಮೂಟೆಗೆ ಕಟ್ಟಬಾರದು. ಕೋವಿಡ್ ಕಾಲದಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಿಗೆಲ್ಲ ಫೆಡರಲ್ ಸರ್ಕಾರ ಲಸಿಕೆ ಅಥವಾ ವಾರವಾರದ ಪರೀಕ್ಷೆಯ ನಿಯಮ ತಂದಿತು. 2022ರ ಜನವರಿ 13ರಂದು ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಅದೇ ದಿನ, ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಮತ್ತು ವೃದ್ಧಾಲಯಗಳ ಸಿಬ್ಬಂದಿಗೆ ಲಸಿಕೆ ಕಡ್ಡಾಯ ಮಾಡಿದ್ದನ್ನು ಎತ್ತಿಹಿಡಿಯಿತು. ಈ ವ್ಯತ್ಯಾಸ ನನಗೆ ಸರಿಯೆನಿಸುತ್ತದೆ. ಮನೆಯಲ್ಲಿ ಕೂತು ಕೋಡ್ ಬರೆಯುವವನೂ ಕ್ಯಾನ್ಸರ್ ವಾರ್ಡಿನ ನರ್ಸೂ ಒಂದೇ ಅಲ್ಲ.

ಧರ್ಮದ ಕಾರಣ ಕೊಟ್ಟು ವಿನಾಯಿತಿ ಕೇಳುವ ನೌಕರನಿಗೆ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಬೆಂಬಲವಿದೆ. 2023ರ ಒಂದು ತೀರ್ಪು ಮಾಲೀಕರ ಹೊಣೆಯನ್ನು ಇನ್ನಷ್ಟು ಬಿಗಿಮಾಡಿದೆ. ಗಣನೀಯ ನಷ್ಟವಾಗುತ್ತದೆಂದು ತೋರಿಸದೆ ಮಾಲೀಕ ಇಲ್ಲ ಎನ್ನುವಂತಿಲ್ಲ. ಇದಕ್ಕಿಂತ ಬಹಳ ಮುಂದೆ ಹೋದದ್ದು ಮೊಂಟಾನ. 2021ರಲ್ಲಿ ಅದು ಲಸಿಕೆ ಆಗಿದೆಯೇ ಇಲ್ಲವೇ ಎಂದು ನೋಡಿ ನೌಕರರಲ್ಲಿ ಭೇದ ಮಾಡುವುದನ್ನೇ ನಿಷೇಧಿಸಿತು. ಐಡಾಹೊ 2025ರಲ್ಲಿ ಅಂಗಡಿ, ಕಂಪನಿ, ಶಾಲೆ ಯಾವುದೂ ವೈದ್ಯಕೀಯ ಕ್ರಮವನ್ನು ಷರತ್ತಾಗಿ ಇಡುವಂತಿಲ್ಲ ಎಂಬ ಅರ್ಥದ ಕಾಯಿದೆ ಮಾಡಿತು. ಗವರ್ನರ್ ಬ್ರಾಡ್ ಲಿಟಲ್ ಮೊದಲ ಕರಡನ್ನು ತಡೆಹಿಡಿದು, ತಿದ್ದಿದ್ದಕ್ಕೆ ಸಹಿ ಹಾಕಿದರು. ಇವು ವಿನಾಯಿತಿಯ ಕಾನೂನುಗಳಲ್ಲ, ಕೇಳುವುದನ್ನೇ ನಿಲ್ಲಿಸುವ ಕಾನೂನುಗಳು.

ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಬಾಗಿಲು ಗ್ರೀನ್ ಕಾರ್ಡಿನದು. 1996ರ ವಲಸೆ ಕಾನೂನಿನ ಪ್ರಕಾರ ಅರ್ಜಿದಾರರು ದಡಾರ, ಪೋಲಿಯೊ, ಧನುರ್ವಾಯು ಮುಂತಾದ ಲಸಿಕೆಗಳ ಪುರಾವೆ ಕೊಡಬೇಕು. ಅಲ್ಲೂ ಧರ್ಮ ಅಥವಾ ನೈತಿಕ ನಂಬಿಕೆಯ ವಿನಾಯಿತಿ ಕೇಳಬಹುದು. ಆದರೆ ಅರ್ಜಿ, ಶುಲ್ಕ, ವಿಚಾರಣೆ ಎಲ್ಲ ಇದೆ. ವಲಸಿಗನ ನಂಬಿಕೆಯನ್ನು ಇಷ್ಟು ಒರೆಗೆ ಹಚ್ಚುವ ದೇಶ ತನ್ನ ಮಕ್ಕಳ ವಿಷಯದಲ್ಲಿ ಒಂದು ಡೌನ್‌ಲೋಡ್ ಸಾಕು ಎಂದರೆ ಅದನ್ನು ಒಪ್ಪುವುದು ಹೇಗೆ?

ಮನೆ ಬಾಗಿಲಿಗೆ ಬರುವ ಲಸಿಕೆ

‘ನಮ್ಮ ದೇಶದಲ್ಲಿ ಇಂಥ ಕಡ್ಡಾಯ ಇಲ್ಲವಲ್ಲ, ಆದರೂ ಮಕ್ಕಳಿಗೆ ಹಾಕಿಸಲ್ವಾ?’ ಎಂದು ಊರಿನವರು ಕೇಳುತ್ತಾರೆ. ನಿಜ. ಜೇಕಬ್ ಪುಳಿಯೆಲ್ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 2022ರ ಮೇ 2ರಂದು, ಸಂವಿಧಾನದ 21ನೇ ವಿಧಿಯಡಿ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಸಮುದಾಯದ ಆರೋಗ್ಯಕ್ಕಾಗಿ ಅಳತೆ ಮೀರದ ನಿರ್ಬಂಧ ಹಾಕಬಹುದು ಎಂದೂ ಹೇಳಿತು. 2021ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ ಒಮಿಕ್ರಾನ್ ಪತ್ತೆಯಾದ ಬೆನ್ನಿಗೆ, ಮಾಲು–ಸಿನಿಮಾ ಮಂದಿರಗಳಿಗೆ ಹೋಗುವವರಿಗೂ ಶಾಲಾ ಮಕ್ಕಳ ತಂದೆತಾಯಿಗಳಿಗೂ ಎರಡು ಡೋಸ್ ಆಗಿರಬೇಕೆಂದು ಕರ್ನಾಟಕ ಸರ್ಕಾರ ಹೇಳಿದ್ದು ನೆನಪಿರಬಹುದು.

ಆದರೆ ನಮ್ಮಲ್ಲಿ ಮಕ್ಕಳ ಲಸಿಕೆ ನಿಂತಿರುವುದು ಕಾನೂನಿನ ಮೇಲಲ್ಲ. ನನ್ನ ಅಮ್ಮ ಕಡೂರಿನ ಕಡೆ ಉಪಕೇಂದ್ರವೊಂದರಲ್ಲಿ ಎಎನ್‌ಎಂ ಆಗಿದ್ದರು. ಮಂಜುಗಡ್ಡೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಹೋಗಿ, ಬೇಡ ಎಂದವರ ಜಗಲಿಯ ಮೇಲೆ ಕೂತು ನೀರು ಕೇಳಿ ಕುಡಿದು, ಹಿಂದಿನ ಮಗುವಿಗೆ ಜ್ವರ ಬಂದ ಕತೆಯನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಸಿರಿಂಜು ತೆಗೆಯುತ್ತಿದ್ದರು. ಒಪ್ಪದಿದ್ದರೆ ಮುಂದಿನ ತಿಂಗಳು ಮತ್ತೆ ಹೋಗುತ್ತಿದ್ದರು. ಈಗ ಆಶಾ ಕಾರ್ಯಕರ್ತೆಯರು ಹಾಗೆಯೇ ಹೋಗುತ್ತಾರೆ. ಅಮೆರಿಕದಲ್ಲಿ ಹಾಗೆ ಹಳ್ಳಿಹಳ್ಳಿಗೂ ಹೋಗುವ ವ್ಯವಸ್ಥೆ ಇಲ್ಲ. ಮಗುವಿಗೆ ಲಸಿಕೆ ಆಗಿದೆಯೇ ಎಂದು ಪ್ರತಿ ತಂದೆತಾಯಿಯನ್ನೂ ತಪ್ಪದೆ ಕೇಳುವ ಜಾಗ ಶಾಲೆಯೊಂದೇ. ಇಲ್ಲಿಯ ಕಾನೂನು ಮಾಡುತ್ತಿರುವುದು ನಮ್ಮ ಎಎನ್‌ಎಂ ಮಾಡುವ ಕೆಲಸವನ್ನೇ. ಆ ಪ್ರಶ್ನೆಗೆ ಸುಮ್ಮನೆ ಒಂದು ಟಿಕ್ ಹಾಕಿ ದಾಟಿಹೋಗಬಹುದು ಎಂದಾದರೆ, ಕೇಳುವವರೇ ಇಲ್ಲದಂತಾಗುತ್ತದೆ.

ನಾನು ಕೇಳುವ ಮೂರು ಪ್ರಶ್ನೆ

ಲಸಿಕೆ ಬೇಡ ಎನ್ನುವ ತಂದೆತಾಯಿಗಳನ್ನು ನಾನು ಮೂರ್ಖರೆಂದು ಕರೆಯುವುದಿಲ್ಲ. ಮಗುವಿನ ಮೇಲಿನ ಭಯ ಪ್ರೀತಿಯಿಂದಲೇ ಹುಟ್ಟುವುದು. ಆಟಿಸಂಗೆ ಲಸಿಕೆ ಕಾರಣವೆಂದು ಸಂಶಯ ಬಿತ್ತಿದ ಆ್ಯಂಡ್ರೂ ವೇಕ್‌ಫೀಲ್ಡರ 1998ರ ಪ್ರಬಂಧವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲೇ ಹಿಂತೆಗೆದುಕೊಂಡರೂ ಆ ಭಯ ಹೋಗಿಲ್ಲ. ಅಪರೂಪಕ್ಕೆ ಲಸಿಕೆಯಿಂದ ನಿಜವಾಗಿ ತೊಂದರೆಯಾಗುವುದೂ ಉಂಟು. ಅಂಥವರಿಗೆ ಪರಿಹಾರ ಕೊಡಲು 1986ರಲ್ಲೇ ಅಮೆರಿಕ ಕಾನೂನು ಮಾಡಿದೆ. ಈ ಎರಡನ್ನೂ ಮುಚ್ಚಿಡದೆ ಹೇಳಬೇಕು.

ಆದ್ದರಿಂದ ಯಾವುದೇ ರಾಜ್ಯದಲ್ಲಿ ವಿನಾಯಿತಿಯ ಮಸೂದೆ ಬಂದಾಗ ಮೂರು ಪ್ರಶ್ನೆ ಕೇಳಿ. ಸಹಿ ಹಾಕುವ ಮೊದಲು ಪೋಷಕರು ಮಗುವನ್ನು ಬಲ್ಲ ವೈದ್ಯರೊಡನೆ ಒಂದು ಸಲವಾದರೂ ಎದುರುಬದುರು ಮಾತನಾಡಬೇಕೆ? ಊರಿನಲ್ಲಿ ರೋಗ ಎದ್ದಾಗ ವಿನಾಯಿತಿ ಪಡೆದ ಮಗು 21 ದಿನ ಮನೆಯಲ್ಲಿರಬೇಕೆಂಬ ನಿಯಮ ಉಳಿಯುತ್ತದೆಯೆ? ದುಡ್ಡು, ಸಮಯ, ಗಾಡಿ ಇಲ್ಲದೆ ಲಸಿಕೆ ತಪ್ಪಿಸಿಕೊಂಡವರಿಗೆ ಅದನ್ನು ಹತ್ತಿರ ತರುವ ಒಂದು ಸಾಲಾದರೂ ಅದರಲ್ಲಿದೆಯೆ? ಮೂರಕ್ಕೂ ಉತ್ತರ ಇಲ್ಲ ಎಂದಾದರೆ ಆ ಮಸೂದೆ ಯಾರ ನಂಬಿಕೆಯನ್ನೂ ಕಾಪಾಡುತ್ತಿಲ್ಲ, ಬರೀ ಆಲಸ್ಯಕ್ಕೆ ದಾರಿ ಮಾಡಿಕೊಡುತ್ತಿದೆ.

ಇಲ್ಲಿ ಮತದಾನದ ಹಕ್ಕು ಪಡೆದ ಕನ್ನಡಿಗರು ಸಾಕಷ್ಟು ಜನರಿದ್ದಾರೆ. ಶಾಸನಸಭೆಯ ಸಮಿತಿಗಳು ಸಾರ್ವಜನಿಕರ ಮಾತು ಕೇಳುತ್ತವೆ. ಲಸಿಕೆ ಬೇಡ ಎನ್ನುವವರು ತಪ್ಪದೆ ಹೋಗಿ ಸಾಲಿನಲ್ಲಿ ನಿಲ್ಲುತ್ತಾರೆ. ಮಕ್ಕಳಿಗೆ ಸದ್ದಿಲ್ಲದೆ ಲಸಿಕೆ ಹಾಕಿಸಿ ಮನೆಗೆ ಹೋಗುವ ನಮ್ಮಂಥವರು ಅಲ್ಲಿ ಕಾಣುವುದಿಲ್ಲ. ನಾವೂ ಹೋಗಬೇಕು. ಹೋಗಿ, ನಮ್ಮ ಮಗುವಿನ ಪಕ್ಕದ ಕುರ್ಚಿಯಲ್ಲಿ ಲಸಿಕೆ ಹಾಕಿಸಿಕೊಳ್ಳಲು ಆಗದ ಮಗು ಕೂತಿದೆ, ವಿನಾಯಿತಿಯನ್ನು ಮೊದಲು ಅದಕ್ಕೆ ಉಳಿಸಿಡಿ ಎಂದು ಹೇಳಬೇಕು.